ಕಾಲು ಕಾಣಲಿ, ಶೂ ಮಾತ್ರ ಬೇಡ ಎಂದವರಿಗೆ

ಅಮೆರಿಕದ ಶೋರ್‌ಲೈನ್ ಊರಿನಲ್ಲಿರುವ ನಮ್ಮ ಕನ್ನಡ ಸಭಾಭವನದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ಗಂಡ ಶಿವಕುಮಾರ್ ಅವರಿಗೆ ಬಲಗಾಲು ಮೊಣಕಾಲಿನಿಂದ ಕೆಳಕ್ಕೆ ಇಲ್ಲ. ನೆಲಬಾಂಬಿಗೆ ಹೋಯಿತು. ಇದು ತಮಗೆ ಚೆನ್ನಾಗಿ ಗೊತ್ತು. ಅವರ ಕೃತಕ ಕಾಲಿನ ಚಿತ್ರವನ್ನು ಆಳೆತ್ತರದ ಪೋಸ್ಟರ್ ಮಾಡಿಸಿ ಶೋರ್‌ಲೈನಿನ ಸಭಾಭವನದ ಬಾಗಿಲಿಗೆ ಅಂಟಿಸಿದವರು ತಾವೇ. ಈ ಸಲದ ರಾಜ್ಯೋತ್ಸವದಲ್ಲಿ ಅವರು ಕಲಿಸಿದ ಮಕ್ಕಳ ಡೊಳ್ಳು ತಂಡ ಅದೇ ಭವನದ ವೇದಿಕೆ ಹತ್ತಲಿದೆ. ಆದರೆ ಶೂ ಬಿಚ್ಚದಿದ್ದರೆ ತಂಡದ ಮುಂದೆ ನಿಲ್ಲಲು ಅವರಿಗೆ ಅನುಮತಿ ಇಲ್ಲವೆಂದು ತಮ್ಮ ಮಂಡಳಿ ತೀರ್ಮಾನಿಸಿದೆ. ಬಿಚ್ಚಲಾಗದಿದ್ದರೆ ವೇದಿಕೆಯ ಕೆಳಗೆ, ಮೊದಲ ಸಾಲಿನಲ್ಲಿ, ‘ಗೌರವಪೂರ್ವಕವಾಗಿ’ ಒಂದು ಕುರ್ಚಿ. ಈ ಗೌರವ ನಮಗೆ ಬೇಡ. ಅದನ್ನು ಹೇಳುವುದಕ್ಕೇ ಈ ಪತ್ರ. ಎಲ್ಲರೂ ಓದುವ ಹಾಗೆ ಯಾಕೆ ಬರೆಯುತ್ತಿದ್ದೇನೆಂದರೆ, ತಮಗೊಬ್ಬರಿಗೇ ಬರೆದ ಪತ್ರಗಳಿಗೆಲ್ಲ ಉತ್ತರವಾಗಿ ಬಂದದ್ದು ಕೈಮುಗಿದ ಎಮೋಜಿ ಒಂದೇ.

ಮೊದಲು ಶೂ ವಿಷಯ ಮುಗಿಸುತ್ತೇನೆ. ತಮ್ಮ ಮಂಡಳಿಯ ವಾಟ್ಸ್ಯಾಪ್ ಗುಂಪಿನಲ್ಲಿ ಇದು ‘ಅಹಂಕಾರ’ ಎಂದು ಚರ್ಚೆಯಾಗಿದೆಯಂತೆ. ಸ್ವಾಮಿ, ಕೃತಕ ಕಾಲನ್ನು ಶೂ ಹಾಕಿಸಿಯೇ ಹೊಂದಿಸುತ್ತಾರೆ. ಶೂವಿನ ಹಿಮ್ಮಡಿ ಎಷ್ಟು ಎತ್ತರವೋ ಅದಕ್ಕೆ ತಕ್ಕಂತೆ ಪಾದವನ್ನು ಕೂರಿಸಿರುತ್ತಾರೆ. ಶೂ ಬಿಚ್ಚಿದರೆ ಹಿಮ್ಮಡಿ ಕೆಳಗಿಳಿಯುತ್ತದೆ, ಇಡೀ ಕಾಲು ಹಿಂದಕ್ಕೆ ವಾಲುತ್ತದೆ, ಮೇಲಿರುವ ಮನುಷ್ಯನನ್ನೂ ಜೊತೆಗೆ ಎಳೆಯುತ್ತದೆ. ನಮ್ಮ ನಿಮ್ಮ ಪಾದ ಬಾಗುತ್ತದೆ, ನೆಲ ನೋಡಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬನ್ ಪಾದಕ್ಕೆ ಆ ಬುದ್ಧಿ ಇಲ್ಲ. ಶೂ ಇಲ್ಲದೆ ನಿಲ್ಲಿ ಎಂದು ಅವರಿಗೆ ಹೇಳುವುದೂ ಒಂದೇ, ತಮ್ಮ ಕುರ್ಚಿಯ ಮುಂಗಾಲುಗಳ ಕೆಳಗೆ ಎರಡು ಇಟ್ಟಿಗೆ ಇಟ್ಟು ನೆಟ್ಟಗೆ ಕೂತುಕೊಳ್ಳಿ ಎಂದು ತಮಗೆ ಹೇಳುವುದೂ ಒಂದೇ. ಇದನ್ನು ಅರ್ಥ ಮಾಡಿಕೊಳ್ಳಲು ಎಂಜಿನಿಯರ್ ಆಗಬೇಕಾಗಿಲ್ಲ. ತಮ್ಮ ಮಂಡಳಿಯಲ್ಲಿರುವವರೆಲ್ಲ ಎಂಜಿನಿಯರುಗಳೇ ಎಂಬುದು ಬೇರೆ ಮಾತು.

ಇನ್ನು ಕಾಲು ಹೋದ ಕಥೆ. ಪೋಸ್ಟರಿನಲ್ಲಿ ತಾವು ‘ಶತ್ರುವಿನ ನೆಲಬಾಂಬಿಗೆ ಕಾಲು ಕೊಟ್ಟ ವೀರಯೋಧ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸುಳ್ಳು. ಆ ನೆಲಬಾಂಬ್ ನಮ್ಮ ಕಡೆಯದೇ. ಇವರು ಸೇನೆಯ ಎಂಜಿನಿಯರ್ ದಳದಲ್ಲಿದ್ದರು. ಯುದ್ಧವಾದೀತೆಂದು ರಾಜಸ್ಥಾನದ ಗಡಿಯಲ್ಲಿ ಹೂತಿದ್ದ ನೆಲಬಾಂಬುಗಳನ್ನು, ಯುದ್ಧ ಆಗದೇ ಹೋದಮೇಲೆ, ಹೊರಗೆ ತೆಗೆಯಬೇಕಿತ್ತು. ಹೂತ ಜಾಗ ನಕ್ಷೆಯಲ್ಲಿತ್ತು. ಆದರೆ ಮರಳು ನಕ್ಷೆ ನೋಡಿಕೊಂಡು ಕೂತಿರುವುದಿಲ್ಲವಲ್ಲ. ಗಾಳಿಗೆ ದಿಬ್ಬ ಸರಿದಿತ್ತು, ದಿಬ್ಬದ ಜೊತೆ ಒಂದು ನೆಲಬಾಂಬೂ ಸರಿದಿತ್ತು. ಅಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳಿಗೂ ಹೀಗೇ ಆಗಿತ್ತೆಂದು ಇವರು ಆಗಾಗ ನೆನೆಯುತ್ತಾರೆ. ಆಕೆಗೆ ಯಾರೂ ಶಾಲು ಹೊದಿಸಲಿಲ್ಲ. ಇದನ್ನೆಲ್ಲ ತಮ್ಮ ಕಾರ್ಯದರ್ಶಿಯವರಿಗೆ ಇವರು ವಿವರವಾಗಿ ಹೇಳಿದ್ದರು. ಅವರು, “ಸಾರ್, ಅದು ಸ್ವಲ್ಪ ಕಾಂಪ್ಲಿಕೇಟೆಡ್ ಆಗುತ್ತೆ, ಜನಕ್ಕೆ ಕನೆಕ್ಟ್ ಆಗಲ್ಲ” ಎಂದು ತಳ್ಳಿಹಾಕಿದರಂತೆ. ಒಬ್ಬ ಮನುಷ್ಯನ ಕಾಲು ಹೋದಮೇಲೂ ಅವನಿಂದ ಕಿತ್ತುಕೊಳ್ಳುವುದಕ್ಕೆ ಇನ್ನೂ ಏನಾದರೂ ಉಳಿದಿರುತ್ತದೆ ಎಂದು ನನಗೆ ಗೊತ್ತಾದದ್ದು ಆವಾಗಲೇ.

ಹೋದ ವರ್ಷದ ರಾಜ್ಯೋತ್ಸವಕ್ಕೆ ಬರೋಣ. ಅಂದು ‘ನೆಲಬಾಂಬ್ ಸಂತ್ರಸ್ತರಿಗೆ ನೆರವು’ ಎಂಬ ತಮ್ಮ ಯೋಜನೆಯ ಉದ್ಘಾಟನೆ. ಇವರಿಗೆ ಸನ್ಮಾನ. ಪೋಸ್ಟರಿಗೆ ಫೋಟೊ ತೆಗೆಯಲು ಮನೆಗೆ ಬಂದವರು, “ಸಾರ್, ಪ್ಯಾಂಟ್ ಒಂಚೂರು ಮೇಲಕ್ಕೆ ಮಡಚ್ಕೊಳ್ಳಿ, ಕಾಲು ಕಾಣ್ಲಿ” ಎಂದಿದ್ದರು. ಇವರು ಮಡಚಿಕೊಂಡರು. ಕಾರ್ಯಕ್ರಮದ ದಿನ ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಸ್ವಯಂಸೇವಕರು, “ಶೂ ಬಿಟ್ಬಿಡಿ ಸಾರ್, ಮೇಲೆ ಭುವನೇಶ್ವರಿ ತಾಯಿ ಇದಾರೆ” ಎಂದರು. “ಶೂ ಬಿಟ್ರೆ ನಿಂತ್ಕೊಳ್ಳೋದು ಕಷ್ಟ ಆಗುತ್ತಪ್ಪ” ಎಂದು ಇವರು ಹೇಳಿದರು. “ಎರಡೇ ನಿಮಿಷ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ನನ್ನ ಗಂಡನಿಗೆ ಇಲ್ಲ ಎನ್ನುವುದು ಬರುವುದಿಲ್ಲ, ಯಾರು ಏನು ಹೇಳಿದರೂ ‘ಬಿಡು, ಹೋಗ್ಲಿ’ ಎನ್ನುವ ಜಾತಿ. ಬಿಚ್ಚಿದರು. ಸಭಿಕರ ನಡುವೆ ಕೂತಿದ್ದ ನನಗೆ ಇದು ತಿಳಿಯಲಿಲ್ಲ. ಆಮೇಲೆ ತಾವು ಮೈಕ್ ಹಿಡಿದಿರಿ. ಎರಡು ನಿಮಿಷ ಎಂದಿದ್ದರಲ್ಲ, ತಮ್ಮ ಸ್ವಾಗತ ಭಾಷಣದಲ್ಲಿ ಹೊಯ್ಸಳರು ಬರುವ ಹೊತ್ತಿಗೇ ಅದು ಮುಗಿದಿತ್ತು. ವಿಜಯನಗರದವರೆಗೆ ಇವರು ತಡೆದುಕೊಂಡು ನಿಂತರು.

ಕೊನೆಗೂ ತಾವು ಪೇಟ ತೊಡಿಸಲು ಬಂದಿರಿ. ಇವರು ತಲೆ ಬಾಗಿಸಿದರು. ಪೇಟ ಕೂತಮೇಲೆ ನೆಟ್ಟಗಾಗಲು ಹೋದರು ನೋಡಿ, ಕಾಲು ಹಿಂದಕ್ಕೆ ಸರಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಹಿಮ್ಮುಖವಾಗಿ ಬಿದ್ದರು. ಮೂಸಂಬಿಗಳು ವೇದಿಕೆಯ ಮೇಲೆಲ್ಲ ಉರುಳಿದವು. ಆಗ ನಿರೂಪಕರು ಒಂದು ಕ್ಷಣವೂ ತಡಮಾಡದೆ, “ನಮ್ಮ ಯೋಧರು ಭಾವುಕರಾಗಿದ್ದಾರೆ! ಒಂದು ಜೋರಾದ ಚಪ್ಪಾಳೆ ಬರಲಿ!” ಎಂದು ಘೋಷಿಸಿದರು. ಬಂತು ಸ್ವಾಮಿ, ಚಪ್ಪಾಳೆ ಬಂತು. ತುಂಬಿದ ಸಭೆ ಎದ್ದು ನಿಂತು ತಟ್ಟಿತು. ನಾನು ಆ ಚಪ್ಪಾಳೆಯ ನಡುವೆ ದಾರಿ ಮಾಡಿಕೊಂಡು ಓಡಿದೆ. ಉಳಿದ ಕಾಲು ಕೂರುವ ಸಾಕೆಟ್ ಒಳಗೆ ಚರ್ಮ ಹರಿದು ರಕ್ತ ಬರುತ್ತಿತ್ತು. ಅವರು ನನಗೆ ಹೇಳಿದ ಮೊದಲ ಮಾತು, “ಏನಿಲ್ಲ ದೇವಿ, ಪೇಟ ಎಲ್ಲೋಯ್ತು ನೋಡು.” ನಗಬೇಕೋ ಅಳಬೇಕೋ ತಿಳಿಯದೆ ನಾನು ಅತ್ತೆ. ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿದ್ದ ನಮ್ಮ ಮಗಳು ನಿಸರ್ಗ, “ಅಮ್ಮ, ವೈ ಡಿಡ್ ದೇ ಕ್ಲ್ಯಾಪ್?” ಎಂದು ಕೇಳಿದಳು. ತಮ್ಮ ಹತ್ತಿರ ಉತ್ತರ ಇದ್ದರೆ ದಯವಿಟ್ಟು ತಿಳಿಸಿ, ಅವಳಿಗೆ ಹೇಳುತ್ತೇನೆ.

ಮರುದಿನ ಮಂಡಳಿಯ ಹಿರಿಯರೊಬ್ಬರು ಫೋನ್ ಮಾಡಿದರು. ಪಾಪ, ಕ್ಷೇಮ ವಿಚಾರಿಸುತ್ತಾರೆ ಅಂದುಕೊಂಡೆ. “ಸದ್ಯ, ಅವ್ರು ಬಿದ್ದಾಗ ವೇದಿಕೆ ದೀಪ ಆರ್ಲಿಲ್ಲಮ್ಮ” ಎಂದು ಮಾತು ಶುರು ಮಾಡಿದರು. ಇವರು ಆ ಚಳಿಗಾಲವನ್ನು ಊರುಗೋಲಿನ ಮೇಲೆ ಕಳೆದರು. ನಾವಿರುವ ಸಮಾಮಿಶ್‌ನಲ್ಲಿ ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗುವುದಿಲ್ಲ. ಡ್ರೈವ್ ಮಾಡಲಾಗದವನು ಇಲ್ಲಿ ಮನೆಯ ಕಿಟಕಿಗೆ ಒರಗಿ ಕೂತುಬಿಡಬೇಕು. ಅವರು ಕೂತರು. ಆದರೆ ದೀಪ ಆರಲಿಲ್ಲ ಎಂಬ ಸಮಾಧಾನ ನಮಗೆಲ್ಲ ಇತ್ತು.

ಇಷ್ಟಕ್ಕೂ ಆ ದೀಪ ಬೆಳಗಿಸಿದವರು ಯಾರು? ನಗರಸಭೆಯಿಂದ ಬಂದಿದ್ದ ಅಮೆರಿಕನ್ ಅತಿಥಿ. ಹೊರಗೆ ಸಂಜೆಯಿಂದ ಮಳೆ. ಅವರು ಒದ್ದೆ ಬೂಟಿನಲ್ಲೇ ಟಕಟಕನೆ ಮೆಟ್ಟಿಲು ಹತ್ತಿ ಬಂದರು, ತಾವು ಮೇಣದಬತ್ತಿ ಹಚ್ಚಿ ಅವರ ಕೈಗೆ ಕೊಟ್ಟಿರಿ, ಬೂಟಿನ ಕೆಸರು ರಂಗೋಲಿಯ ಮೇಲೆ ಬಿತ್ತು, ತಾವು ನಗುತ್ತಾ ಫೋಟೊಗೆ ನಿಂತಿರಿ. ಆಗ ಭುವನೇಶ್ವರಿ ತಾಯಿ ಚಹಾ ಕುಡಿಯಲು ಹೊರಗೆ ಹೋಗಿದ್ದಳೇ? ಮೈಕಿನ ವೈರು ಎಳೆಯುವವರು ವೇದಿಕೆಯ ಉದ್ದಗಲಕ್ಕೂ ಬೂಟು ಹಾಕಿಕೊಂಡು ಓಡಾಡಿದರು. ವಿಡಿಯೋದವರು ದೇವಿಯ ಪಕ್ಕದಲ್ಲೇ ಕಾಲೂರಿ ನಿಂತಿದ್ದರು. ಅವರಿಗೆಲ್ಲ ಎರಡೆರಡು ಕಾಲಿದ್ದವು, ಬಿಚ್ಚಿದರೆ ಬೀಳುವವರಾಗಿರಲಿಲ್ಲ. ಬೀಳುವವರಿಗೆ ಮಾತ್ರ ನಿಯಮ ಅನ್ವಯವಾಗುತ್ತದೆ ಎಂಬುದು ತಮ್ಮ ಉಪನಿಯಮಾವಳಿಯ ಯಾವ ಪುಟದಲ್ಲಿದೆ?

ನಾನು ನಂಬಿಕೆ ಇಲ್ಲದವಳೇನಲ್ಲ. ನಮ್ಮ ಮನೆಯ ಬಾಗಿಲಲ್ಲೂ ಚಪ್ಪಲಿ ಸ್ಟ್ಯಾಂಡ್ ಇದೆ. ಹೀಟರ್ ರಿಪೇರಿಗೆ ಬಂದವರನ್ನೂ ಶೂ ಬಿಚ್ಚಿಸಿಯೇ ಒಳಗೆ ಬಿಡುತ್ತೇನೆ, ಅವರು ಗೊಣಗಿದರೂ ಸರಿ. ಅದಕ್ಕೇ ಈ ಸಲ ಮೊದಲೇ ತಮ್ಮ ಕಾರ್ಯದರ್ಶಿಯವರಿಗೆ ಕಾಲ್ ಮಾಡಿ ಒಂದು ದಾರಿ ಹೇಳಿದೆ. ಇವರ ಹತ್ತಿರ ಅದೇ ಹಿಮ್ಮಡಿ ಎತ್ತರದ ಇನ್ನೊಂದು ಜೊತೆ ಶೂ ಇದೆ. ಮನೆಯೊಳಗೆ ಬಿಟ್ಟರೆ ಬೇರೆಲ್ಲೂ ಹಾಕುವುದಿಲ್ಲ, ರಸ್ತೆ ಮುಟ್ಟಿಲ್ಲ, ಅಡಿ ಇನ್ನೂ ಬೆಳ್ಳಗಿದೆ. ಅದನ್ನು ಮೆಟ್ಟಿಲ ಬಳಿ ಹಾಕಿಕೊಂಡು ಹತ್ತುತ್ತಾರೆ ಎಂದೆ. “ಮೇಡಂ, ನಮಗೇನಿಲ್ಲ, ಆದ್ರೆ ನೋಡೋರಿಗೆ ಶೂ ಶೂನೇ ಅಲ್ವಾ? ಸೆಂಟಿಮೆಂಟ್ಸ್ ಹರ್ಟ್ ಆಗುತ್ತೆ” ಎಂದರು. ಅಂದರೆ ಕೊಳೆ ಮುಖ್ಯವಲ್ಲ, ಮಡಿಯೂ ಮುಖ್ಯವಲ್ಲ, ನೋಡುವವರ ಕಣ್ಣು ಮುಖ್ಯ. ಕೃತಕ ಕಾಲು ಕಂಡರೆ ಆ ಕಣ್ಣು ಒದ್ದೆಯಾಗುತ್ತದೆ, ಶೂ ಕಂಡರೆ ಕೆಂಪಾಗುತ್ತದೆ. ವಿಚಿತ್ರ ಕಣ್ಣು.

ಕರ್ಕ್‌ಲ್ಯಾಂಡ್ ಊರಿನ ನನ್ನ ಆಫೀಸಿನಲ್ಲಿ ಮೈಸೂರಿನ ಖದೀಜಾ ಎಂಬ ಗೆಳತಿ ಇದ್ದಾಳೆ. ಈದ್ ಊಟಕ್ಕೆ ಅವಳ ಮನೆಗೆ ಹೋಗಿದ್ದೆವು. ಅವರ ಮನೆಯಲ್ಲೂ ಚಪ್ಪಲಿ ಹೊರಗೆ. ಇವರು ಬಾಗಿಲಲ್ಲಿ ಮುಜುಗರದಿಂದ ನಿಂತಾಗ ಖದೀಜಾಳ ಅತ್ತೆ ಎದ್ದು ಬಂದರು. ವಿಷಯ ಕೇಳಿ, “ಅಯ್ಯೋ, ಅದು ಬಿಚ್ಚಿದ್ರೆ ಕಾಲೇ ಬಿಚ್ಚಿದ ಹಾಗಲ್ವಾ? ಬನ್ನಿ ಬನ್ನಿ, ಬಿರಿಯಾನಿ ಆರೋಗ್ತದೆ” ಎಂದರು. ಒಂದು ಒದ್ದೆ ಬಟ್ಟೆ ಕೊಟ್ಟರು, ಇವರು ಶೂವಿನ ಅಡಿ ಒರೆಸಿಕೊಂಡರು, ಒಳಗೆ ಹೋಗಿ ಊಟ ಮಾಡಿದೆವು. ಸಮಿತಿ ಸಭೆ ಕರೆಯಲಿಲ್ಲ, ಠರಾವು ಮಂಡಿಸಲಿಲ್ಲ.

ಪರಂಪರೆಯ ಮಾತಂತೂ ನಮಗೆ ಹೇಳಬೇಡಿ. ಇವರು ಕಡೂರಿನ ಕಡೆಯವರು, ಡೊಳ್ಳಿನ ಮನೆತನ. ಬೀರಪ್ಪನಿಗೆ ಕೈಮುಗಿಯದೆ ಇವರು ಕೋಲು ಕೈಗೆತ್ತಿಕೊಂಡದ್ದೇ ಇಲ್ಲ. ಬರಿಗಾಲಲ್ಲಿ ಕುಣಿಯಬೇಕು ಎಂಬುದು ಇವರಿಗೆ ತಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಶೂ ಹಾಕಿ ಕಲಿಸುವುದಕ್ಕೆ ಮೊದಲು ಊರಿನ ದೊಡ್ಡಪ್ಪನನ್ನು ವಿಡಿಯೋ ಕಾಲ್‌ನಲ್ಲಿ ಕೇಳಿದರು. ದೊಡ್ಡಪ್ಪ ಅಲ್ಲಿನ ತಂಡದ ಹಿರಿಯರು. ಸಭಾಭವನದ ನಿಯಮದ ಕಥೆಯನ್ನೂ ಹೇಳಿದಾಗ ಅವರು, “ಕಾಲೇ ಬಿಟ್ಟು ಬಂದೋನ್ನ ಕೆರ ಬಿಟ್ಟು ಬಾ ಅಂತಾರೇನ್ಲಾ? ಬೀರಪ್ಪ ಏನೂ ಅನ್ನಲ್ಲ, ನೀನು ಬಾರ್ಸು” ಎಂದರು. ದೇವರಿಗೆ ಹತ್ತಿರವಿರುವವರು ಒಪ್ಪಿದ್ದಾರೆ. ಶೋರ್‌ಲೈನಿನವರ ಒಪ್ಪಿಗೆ ಮಾತ್ರ ಇನ್ನೂ ಸಿಕ್ಕಿಲ್ಲ.

ಇದು ನನ್ನ ಗಂಡನೊಬ್ಬರ ಶೂವಿನ ಜಗಳ ಎಂದು ಕೈತೊಳೆದುಕೊಳ್ಳಬೇಡಿ. ಶೋರ್‌ಲೈನಿನಲ್ಲೇ ಯುದ್ಧದಲ್ಲಿ ಗಾಯಗೊಂಡು ಉಳಿದವರ ಒಂದು ಚಿಕ್ಕ ಗುಂಪು ಆಗಾಗ ಸೇರುತ್ತದೆ. ಇವರೂ ಹೋಗುತ್ತಾರೆ. ಕಾಂಬೋಡಿಯಾದ ಒಬ್ಬ ಅಜ್ಜಿ, ಇರಾಕಿನ ಒಬ್ಬ ಶಾಲಾ ಮೇಷ್ಟ್ರು, ಇನ್ನೂ ಕೆಲವರು. ತಾವು ಅವರನ್ನೆಲ್ಲ ವಿಶೇಷ ಅತಿಥಿಗಳೆಂದು ಕರೆದು ತಮ್ಮ ಯೋಜನೆಯ ಕಿರುಚಿತ್ರ ತೋರಿಸಿದ್ದು ನೆನಪಿದೆಯೇ? ಚಿತ್ರ ಮುಗಿದಮೇಲೆ ಆ ಅಜ್ಜಿ ಇವರ ಹತ್ತಿರ ಒಂದು ಮಾತು ಕೇಳಿದರಂತೆ: ಇಂಥ ಚಿತ್ರಗಳಲ್ಲಿ ನಮ್ಮನ್ನು ಯಾವಾಗಲೂ ಕೂರಿಸಿಯೇ ಯಾಕೆ ತೋರಿಸುತ್ತಾರೆ, ನಾವು ನಿಲ್ಲುವುದಿಲ್ಲವೇ? ಆಕೆ ದಿನವಿಡೀ ನಿಂತು ಸ್ವಂತ ಅಂಗಡಿ ನಡೆಸುವವರು. ನಾನು ಮನೆಗೆ ಬಂದು ಆ ಕಿರುಚಿತ್ರವನ್ನು ಮತ್ತೆ ನೋಡಿದೆ. ನಿಜ, ಎಲ್ಲರೂ ಕೂತಿದ್ದಾರೆ, ಎಲ್ಲರೂ ಮೇಲಕ್ಕೆ ನೋಡುತ್ತಿದ್ದಾರೆ, ಕೊಡುವ ಕೈ ಮಾತ್ರ ಮೇಲಿನಿಂದ ಇಳಿಯುತ್ತದೆ. ತಾವು ಇವರಿಗೆ ಕೊಡಹೊರಟ ಕುರ್ಚಿ ಬಂದದ್ದು ಅಲ್ಲಿಂದಲೇ.

ನೆರವು ಕೊಡುವವರು ತಾವು, ಯಾರಿಗೆ, ಎಷ್ಟು, ಯಾವಾಗ ಎನ್ನುವುದು ತಮ್ಮ ಇಷ್ಟ. ಹಕ್ಕು ಹಾಗಲ್ಲ. ತಮ್ಮ ಮನಸ್ಸು ಕರಗಿದರೂ ಕರಗದಿದ್ದರೂ ಅದು ಇರುತ್ತದೆ. ತನ್ನ ಕಾಲನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂದು ನಿರ್ಧರಿಸುವುದು ಆ ಮನುಷ್ಯನ ಹಕ್ಕು. ಅದು ಹೇಗೆ ಹೋಯಿತೆಂದು ತನ್ನ ಬಾಯಲ್ಲೇ ಹೇಳುವುದು ಹಕ್ಕು. ಎಲ್ಲರೂ ಹತ್ತುವ ಮೆಟ್ಟಿಲನ್ನು ಬೀಳುವ ಭಯವಿಲ್ಲದೆ ಹತ್ತುವುದು ಹಕ್ಕು. ಈ ದೇಶದ ಕಾನೂನು ಇದರ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಅಗತ್ಯ ಬಿದ್ದರೆ ಎತ್ತಲು ನನಗೆ ಬರುತ್ತದೆ.

ಈಗ ಆ ಡೊಳ್ಳಿನ ವಿಷಯ. ಕಾಲು ಹೋದಮೇಲೆ ಇವರು ಬಹಳ ವರ್ಷ ಡೊಳ್ಳು ಮುಟ್ಟಿರಲಿಲ್ಲ. ಯಾರಾದರೂ ಬಾರಿಸುವ ವಿಡಿಯೋ ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಕೆಲವು ತಂದೆತಾಯಿಯರು ಕೇಳಿದರೆಂದು, ಕಾರುಗಳನ್ನು ಹೊರಗೆ ನಿಲ್ಲಿಸಿ, ನಮ್ಮ ಗ್ಯಾರೇಜಿನಲ್ಲಿ ಮಕ್ಕಳಿಗೆ ಕಲಿಸಲು ಶುರುಮಾಡಿದರು. ಭಾರದ ಡೊಳ್ಳು ಸೊಂಟಕ್ಕೆ ಕಟ್ಟಿ, ಆ ಕಾಲಿನ ಮೇಲೆ ತಿರುಗುವುದನ್ನು ಮೊದಲು ತಾವೊಬ್ಬರೇ ಗೋಡೆ ಹಿಡಿದು ಅಭ್ಯಾಸ ಮಾಡಿದರು. ಹಾರಲಾಗುವುದಿಲ್ಲ, ಹೆಜ್ಜೆ ಹಾಕಬಲ್ಲರು. ತಂಡದ ಮುಂದಿರುವವರ ಕಾಲು ನೋಡಿಕೊಂಡೇ ಹಿಂದಿನವರು ಹೆಜ್ಜೆ ಬದಲಿಸುವುದು ಡೊಳ್ಳಿನ ಪದ್ಧತಿ. ಅಷ್ಟೊಂದು ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ. ನಮ್ಮ ಮಕ್ಕಳು ನೋಡುವುದು ಇವರ ಬಲಗಾಲನ್ನು, ಶೂ ಹಾಕಿದ ಆ ಕಾಲನ್ನು. ಅದು ನೆಲಕ್ಕೆ ಅಪ್ಪಳಿಸಿದರೆ ಸಾಲು ತಿರುಗಬೇಕು. ತಂಡದ ನವ್ಯಾ ಎಂಬ ಹುಡುಗಿಗೆ ಇವರು ಕುರ್ಚಿಯ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: “ಬಟ್ ಅಂಕಲ್, ದೆನ್ ಹೂ ವಿಲ್ ಟರ್ನ್ ಅಸ್?” ತಮ್ಮ ಇಡೀ ಮಂಡಳಿಗೆ ಹೊಳೆಯದ ಪ್ರಶ್ನೆ ಇದು. ಕುರ್ಚಿಯಲ್ಲಿ ಕೂತವರು ಡೊಳ್ಳಿನ ಸಾಲು ತಿರುಗಿಸಲಾರರು. ಅವರನ್ನು ಕೆಳಗೆ ಕೂರಿಸುವುದೆಂದರೆ ತಂಡವನ್ನೇ ಕೂರಿಸುವುದು. ಎಷ್ಟೋ ವರ್ಷಗಳ ಮೇಲೆ ಮತ್ತೆ ಎದ್ದ ಒಬ್ಬ ಮನುಷ್ಯನನ್ನು, ಅವನು ಎದ್ದದ್ದು ತಮ್ಮ ಪೋಸ್ಟರಿಗೆ ಹೊಂದುವುದಿಲ್ಲವೆಂದು, ಮತ್ತೆ ಕೂರಿಸುವುದು. ಇದಕ್ಕೆ ನಾನು ಒಪ್ಪುವುದಿಲ್ಲ. ಹೆಂಡತಿಯಾಗಿಯೂ ಒಪ್ಪುವುದಿಲ್ಲ, ಸದಸ್ಯೆಯಾಗಿಯೂ ಒಪ್ಪುವುದಿಲ್ಲ.

ಆದ್ದರಿಂದ ತಮ್ಮಿಂದ ನಮಗೆ ಆಗಬೇಕಾದದ್ದು ಹೀಗಿದೆ. ಕೃತಕ ಕಾಲು, ಊರುಗೋಲು, ಗಾಲಿಕುರ್ಚಿಯವರಿಗೆ ವೇದಿಕೆಯ ಪಾದರಕ್ಷೆ ನಿಯಮ ಅನ್ವಯಿಸುವುದಿಲ್ಲವೆಂದು ಬರೆದು ಬಾಗಿಲಿಗೆ ಅಂಟಿಸಿ. ಪೋಸ್ಟರ್ ಇದ್ದ ಜಾಗ ಅದಕ್ಕೆ ಸರಿಹೋಗುತ್ತದೆ, ಏಕೆಂದರೆ ಪೋಸ್ಟರನ್ನು ತಾವು ಇಂದೇ ಇಳಿಸಬೇಕು. ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿ, ಪಕ್ಕದಲ್ಲಿ ಇಳಿಜಾರು ಕಟ್ಟಿಸಿ. ಶಾಲು ಪೇಟಗಳನ್ನು ಒಂದೆರಡು ವರ್ಷ ಕೊಳ್ಳದಿದ್ದರೂ ಯಾರೂ ಚಳಿಗೆ ಸಾಯುವುದಿಲ್ಲ. ನೆರವು ಯೋಜನೆಯ ಸಮಿತಿಯಲ್ಲಿ ನೆಲಬಾಂಬ್ ಕಂಡವರೇ ಕೂರಲಿ, ಕಿರುಚಿತ್ರ ಮಾಡುವುದಾದರೆ ಅವರನ್ನು ಕೇಳಿ ಮಾಡಿ. ತಮ್ಮ ಕ್ಷಮಾಪಣೆ ಮಾತ್ರ ನಮಗೆ ಬೇಡ. ತಾವು ಅದಕ್ಕೂ ಒಂದು ಕಾರ್ಯಕ್ರಮ ಏರ್ಪಡಿಸುತ್ತೀರಿ ಎಂಬ ಭಯ ನನಗಿದೆ.

ಮೊನ್ನೆ ಭಾನುವಾರ ಅಭ್ಯಾಸ ನಡೆಯುತ್ತಿದ್ದಾಗ ಕಾರ್ಯದರ್ಶಿಯವರು ಇವರಿಗೆ ಕಾಲ್ ಮಾಡಿದ್ದರು. ಎಂದಿನಂತೆ ‘ಬಿಡಿ ಸಾರ್, ಹೋಗ್ಲಿ’ ಎಂದು ಇವರು ಒಪ್ಪಿಕೊಂಡುಬಿಡುತ್ತಾರೆ ಎಂದು ನಾನು ಫೋನ್ ಕಿತ್ತುಕೊಳ್ಳಲು ಹತ್ತಿರ ಹೋದೆ. ಇವರು ನನ್ನ ಕೈ ಸರಿಸಿದರು. “ನಾನು ನಿಂತ್ಕೊಂಡೇ ಬಾರಿಸ್ತೀನಿ ಸಾರ್, ಶೂ ಹಾಕ್ಕೊಂಡು. ಬೇಡ ಅನ್ನೋದಿದ್ರೆ ಅಧ್ಯಕ್ಷರೇ ಬಂದು ಮಕ್ಕಳೆದುರಿಗೆ ಹೇಳ್ಲಿ” ಎಂದು ಫೋನ್ ಇಟ್ಟರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ಕೇಳಿದ ಮೊದಲ ‘ಇಲ್ಲ’ ಅದು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲು ಈ ಪತ್ರ ಸಾಲದು.

ಹಾಗಾಗಿ ರಾಜ್ಯೋತ್ಸವದ ದಿನ ಅವರು ಬರುತ್ತಾರೆ, ಶೂ ಹಾಕಿಕೊಂಡು, ಸೊಂಟಕ್ಕೆ ಡೊಳ್ಳು ಕಟ್ಟಿಕೊಂಡು, ಹಿಂದೆ ಮಕ್ಕಳನ್ನು ಕರೆದುಕೊಂಡು. ತಡೆಯಲೇಬೇಕು ಅನಿಸಿದರೆ ಸ್ವಯಂಸೇವಕರನ್ನು ಕಳಿಸಬೇಡಿ, ಮೆಟ್ಟಿಲಿಗೆ ಅಡ್ಡವಾಗಿ ತಾವೇ ಬಂದು ನಿಂತುಕೊಳ್ಳಿ. ಹಾಗೆ ನಿಲ್ಲುವುದಕ್ಕೆ ದೇವರು ತಮಗೆ ಎರಡು ಕಾಲು ಕೊಟ್ಟಿದ್ದಾನೆ.

ಇಂತಿ,
ತಮ್ಮ ಮಂಡಳಿಯವರು ಎಷ್ಟು ಹೇಳಿದರೂ ಅಡ್ಜಸ್ಟ್ ಮಾಡಿಕೊಳ್ಳಲು ಕಲಿಯದ,
ಆಜೀವ ಸದಸ್ಯತ್ವ ಪಡೆದ ತಪ್ಪಿಗೆ ಇನ್ನೂ ಬಹಳ ವರ್ಷ ತಮ್ಮ ಕಣ್ಣಿಗೆ ಬೀಳಲಿರುವ
ದೇವೀರಮ್ಮ ಶಿವಕುಮಾರ್
ಸಮಾಮಿಶ್